ಘಟ್ಟದಾಚೆಯ ಬೆಂಗಳೂರು, ಕಡಲಾಚೆಯ ದುಬೈ

ಮಂಗಳೂರಿಗೆ ಯಾವುದು ಹತ್ತಿರ, ಬೆಂಗಳೂರೋ ದುಬೈಯೋ? ಭೂಪಟ ಹರವಿದರೆ ಶಾಲೆಯ ಮಗುವೂ ಉತ್ತರ ಹೇಳೀತು. ಗಡಿಯಾರ ಹಿಡಿದವರ ಉತ್ತರ ಬೇರೆ. ಪಂಪ್‌ವೆಲ್‌ನಲ್ಲಿ ಬಸ್ಸು ಹತ್ತಿ, ಉಪ್ಪಿನಂಗಡಿ ದಾಟಿ, ಶಿರಾಡಿ ಏರಿ, ಸಕಲೇಶಪುರ, ಹಾಸನ, ಕುಣಿಗಲ್ ಎಂದು ಊರು ಎಣಿಸುತ್ತ ಹೋದರೆ ಸುಮಾರು 350 ಕಿ.ಮೀ. ದಾರಿಗೆ ಏಳೆಂಟು ತಾಸು ಬೇಕು. ಆಟಿಯ ಮಳೆಗೆ ಗುಡ್ಡ ಜರಿದರೆ ಆ ಲೆಕ್ಕವೂ ಇಲ್ಲ. ಬಜಪೆಯಲ್ಲಿ ವಿಮಾನ ಏರಿದವರು ಅದರ ಏಳು ಪಟ್ಟು ದೂರದ ದುಬೈಯಲ್ಲಿ ಮೂರೂವರೆ ನಾಲ್ಕು ತಾಸಿನಲ್ಲಿ ಇಳಿದಿರುತ್ತಾರೆ.

ನಮ್ಮ ಕರಾವಳಿಯಲ್ಲಿ ಇದೊಂದು ಬೆರಗಿನ ಸಂಗತಿಯೇ ಅಲ್ಲ. ಬಂಟ್ವಾಳದ ಹಳ್ಳಿಯೊಂದರ ಅಜ್ಜಿಗೆ ತುಮಕೂರು ಎಲ್ಲಿದೆ ಎಂದು ಗೊತ್ತಿರಲಿಕ್ಕಿಲ್ಲ. ಅಬುಧಾಬಿ, ದಮ್ಮಾಮ್, ಮಸ್ಕತ್ ಮಾತ್ರ ನೆರೆಮನೆಯ ಹೆಸರುಗಳಂತೆ ಬಾಯಿಗೆ ಬರುತ್ತವೆ. ಒಂದು ಊರಿನವರು ಎಷ್ಟು ಹಾರುತ್ತಾರೆ, ಎಲ್ಲಿಗೆ ಹಾರುತ್ತಾರೆ ಎಂಬುದನ್ನು ನಿರ್ಧರಿಸುವುದು ಏನು? ಯುರೋಪಿನಲ್ಲಿ ಈ ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತದೆ: ನೆಲದ ರಚನೆ ಮತ್ತು ಕೈಯಲ್ಲಿರುವ ಹಣ. ಎರಡನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯುವುದು ಅಲ್ಲಿಯ ರೂಢಿ. ಮಂಗಳೂರಿನ ಕತೆಯನ್ನು ಬಿಡಿಸುತ್ತ ಹೋದಂತೆ ನನಗೆ ಕಂಡದ್ದು, ಇಲ್ಲಿ ಆ ಎರಡು ಕಾಲಂಗಳ ನಡುವೆ ಗೆರೆ ಎಳೆಯುವುದು ಕಷ್ಟ. ಇಲ್ಲಿಯ ನೆಲವೇ ಇಲ್ಲಿಯ ಹಣಕ್ಕೆ ದಾರಿ ತೋರಿಸಿದೆ.

ಮೊದಲು ನೆಲದ ಮಾತು. ನಾರ್ವೆಯ ಭೂಪಟವನ್ನು ಎಂದಾದರೂ ಗಮನಿಸಿ ನೋಡಿ. ಪಶ್ಚಿಮಕ್ಕೆ ಕಡಲು, ಬೆನ್ನಿಗೆ ಬೆಟ್ಟ, ನಡುವೆ ಸೀಳಿಕೊಂಡು ಒಳನುಗ್ಗಿದ ನೀರು. ನಮ್ಮ ಕರಾವಳಿಯನ್ನು ಹಿಮದಲ್ಲಿ ಅದ್ದಿ ತೆಗೆದ ಹಾಗೆ. ರಾಜಧಾನಿ ಓಸ್ಲೊದಿಂದ ಪಶ್ಚಿಮ ತೀರದ ಬರ್ಗೆನ್ ನಗರಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಮಂಗಳೂರು ಬೆಂಗಳೂರುಗಳ ನಡುವೆ ನೇರ ಗೆರೆ ಎಳೆದರೂ ಹೆಚ್ಚು ಕಡಿಮೆ ಅಷ್ಟೇ. ಅಲ್ಲಿ 1909ರಲ್ಲೇ ಬೆಟ್ಟದ ಮೇಲೆ ರೈಲು ಹಾಯಿಸಿದರು. ಹಳಿ 1,200 ಮೀಟರಿಗೂ ಮಿಕ್ಕಿದ ಎತ್ತರಕ್ಕೆ ಏರಿ ಇಳಿಯುತ್ತದೆ. ಇಂದಿಗೂ ಆ ರೈಲಿಗೆ ಆರೂವರೆ ಏಳು ತಾಸು ಬೇಕು, ವಿಮಾನಕ್ಕೆ ಒಂದು ತಾಸು ಸಾಕು. ಹಾಗಾಗಿ ಓಸ್ಲೊ–ಬರ್ಗೆನ್, ಓಸ್ಲೊ–ಟ್ರೊಂಡ್‌ಹೈಮ್ ಮಾರ್ಗಗಳು ಇಡೀ ಯುರೋಪಿನ ಅತಿ ದಟ್ಟಣೆಯ ದೇಶೀಯ ವಿಮಾನ ಮಾರ್ಗಗಳ ಸಾಲಿನಲ್ಲಿವೆ. ಬೆಟ್ಟದ ಸಂದಿಯ ಸಣ್ಣ ಊರುಗಳಿಗೆ ಕೇವಲ 800 ಮೀಟರ್ ಉದ್ದದ ರನ್‌ವೇ ಮಾಡಿ, ಪುಟ್ಟ ವಿಮಾನಗಳನ್ನು ಇಳಿಸಿ, ನಷ್ಟವನ್ನು ಸರಕಾರ ತುಂಬಿಕೊಡುವ ಪದ್ಧತಿಯೂ ಅಲ್ಲಿದೆ. ನಮ್ಮ ಉಡಾನ್ ಯೋಜನೆಯ ಹಿಂದಿರುವುದೂ ಅದೇ ಬಗೆಯ ಯೋಚನೆ.

ಜರ್ಮನಿ ನೋಡಿ. ಅದೂ ಸಿರಿವಂತ ದೇಶವೇ. ಆದರೆ ನಡುನಾಡಿನಲ್ಲಿ ಕೂತ, ರೈಲು ಮತ್ತು ಹೆದ್ದಾರಿ ಎಲ್ಲ ದಿಕ್ಕಿಗೂ ಹಬ್ಬಿದ ದೇಶ. ಅಲ್ಲಿಯವರು ತಲಾ ಲೆಕ್ಕದಲ್ಲಿ ನಾರ್ವೆಯವರಷ್ಟು ಹಾರುವುದಿಲ್ಲ. ದ್ವೀಪಗಳಾದ ಐಸ್‌ಲ್ಯಾಂಡ್, ಮಾಲ್ಟಾ, ಸೈಪ್ರಸ್‌ಗಳ ಲೆಕ್ಕವಂತೂ ಗಗನಕ್ಕೇ ಏರಿದೆ. ಅಲ್ಲಿ ವಿಮಾನ ಬಿಟ್ಟರೆ ಹಡಗು, ಹಡಗು ಬಿಟ್ಟರೆ ಏನೂ ಇಲ್ಲ.

ಮಂಗಳೂರು ದ್ವೀಪವಲ್ಲ. ಆದರೆ ಬಹುಕಾಲ ದ್ವೀಪದ ಹಾಗೆಯೇ ಬದುಕಿತು ಎಂದರೆ ಅತಿಶಯವಲ್ಲ. ಇಲ್ಲಿಗೆ ರೈಲು ಬಂದದ್ದು 1907ರಲ್ಲಿ, ಅದೂ ದಕ್ಷಿಣದಿಂದ. ಶೋರನೂರು, ಪಾಲಕ್ಕಾಡಿನ ಮೂಲಕ ಹೋಗುವ ಆ ಹಳಿ ನಮ್ಮನ್ನು ಜೋಡಿಸಿದ್ದು ಮದರಾಸಿಗೆ. ಪಶ್ಚಿಮ ಘಟ್ಟ ಎಲ್ಲಾದರೂ ದಾರಿ ಬಿಟ್ಟುಕೊಟ್ಟಿದ್ದರೆ ಅದು ಪಾಲಕ್ಕಾಡಿನ ಕಣಿವೆಯಲ್ಲಿ. ನಮ್ಮ ನೆತ್ತಿಯ ಮೇಲೆ ಅದು ಎಲ್ಲೂ ಬಾಗಿಲು ತೆರೆಯಲಿಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ ರೈಲು ಓಡುವುದಕ್ಕೆ 1979 ಬರಬೇಕಾಯಿತು. ಅಲ್ಲಿಯವರೆಗೆ ಮಂಗಳೂರಿನವರು ರೈಲಿನಲ್ಲೇ ಬೆಂಗಳೂರಿಗೆ ಹೋಗುತ್ತೇನೆಂದರೆ ಕೇರಳ, ತಮಿಳುನಾಡುಗಳನ್ನು ಸುತ್ತಬೇಕಿತ್ತು. ಆ ರೈಲೂ ಹೆಚ್ಚು ಕಾಲ ಬಾಳಲಿಲ್ಲ. ಬ್ರಾಡ್ ಗೇಜ್ ಮಾಡುವುದಕ್ಕೆಂದು 1996ರಲ್ಲಿ ನಿಲ್ಲಿಸಿದ ಪ್ರಯಾಣಿಕರ ರೈಲು ಮತ್ತೆ ಘಟ್ಟ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಒಂದು ಮಗು ಹುಟ್ಟಿ ಐದನೆಯ ತರಗತಿ ಮುಟ್ಟುವಷ್ಟು ಕಾಲ ಕರಾವಳಿಗೂ ರಾಜಧಾನಿಗೂ ನಡುವೆ ನೇರ ಪ್ರಯಾಣಿಕರ ರೈಲಿರಲಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ. 50 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಏರುವ ಹಳಿ. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣೇ ಜಾರಿ ಹಲವು ದಿನ ಸಂಚಾರ ನಿಂತಿತು. ಅದೇ ಮಳೆಗೆ ಶಿರಾಡಿಯ ರಸ್ತೆಯಲ್ಲೂ ಗುಡ್ಡ ಕುಸಿದಿತ್ತು. ಅಂಥ ದಿನಗಳಲ್ಲಿ ಬಜಪೆಯ ಟಿಕೆಟ್ ದರ ನೋಡಿದವರಿಗೆ ಭೂಗೋಳಕ್ಕೂ ಜೇಬಿಗೂ ಇರುವ ನಂಟನ್ನು ಯಾರೂ ವಿವರಿಸಬೇಕಿಲ್ಲ.

ಉತ್ತರದ ಮುಂಬೈ ದಾರಿಯದೂ ಇದೇ ಪಾಡು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗುವವರೆಗೆ ಕರಾವಳಿಯುದ್ದಕ್ಕೂ ಹಳಿಯೇ ಇರಲಿಲ್ಲ. ಅದಕ್ಕೂ ಹಿಂದೆ ಹಡಗು ಹತ್ತಿ ಹೋದವರ ಕತೆ ಹಳೆಯ ಮನೆಗಳಲ್ಲಿ ಇನ್ನೂ ಉಳಿದಿದೆ. ಮಳೆಗಾಲ ಬಂತೆಂದರೆ ಆ ಹಡಗೂ ನಿಲ್ಲುತ್ತಿತ್ತು. ಹೋದವನು ಹೋದಲ್ಲೇ, ಊರಿನವರು ಊರಿನಲ್ಲೇ.

ಇಂಥ ಊರಿಗೆ 1951ರ ಡಿಸೆಂಬರ್ 25ರಂದು ವಿಮಾನ ನಿಲ್ದಾಣ ಬಂತು. ಜವಾಹರಲಾಲ್ ನೆಹರೂ ಡಕೋಟ ವಿಮಾನದಲ್ಲಿ ಬಜಪೆಯ ಗುಡ್ಡದ ಮೇಲೆ ಇಳಿದರು. ಆಗ ನಾವಿನ್ನೂ ಮದರಾಸು ರಾಜ್ಯದವರು. ಬೆಂಗಳೂರು ಬೇರೆ ರಾಜ್ಯ. ದೇಶದಲ್ಲಿ ಎಷ್ಟೋ ದೊಡ್ಡ ಜಿಲ್ಲಾ ಕೇಂದ್ರಗಳಿಗೆ ವಿಮಾನ ಕನಸಾಗಿದ್ದ ಹೊತ್ತಿನಲ್ಲಿ ಮಂಗಳೂರಿಗೆ ಅದು ಒದಗಿತು. ದಶಕಗಳ ಕಾಲ ಇಲ್ಲಿಂದ ಮುಖ್ಯವಾಗಿ ಹಾರಿದ್ದು ಮುಂಬೈಗೆ, ಆಮೇಲೆ ಬೆಂಗಳೂರಿಗೆ. ಮುಂಬೈ ಯಾಕೆ ಎಂಬಲ್ಲಿ ಹಣದ ಮಾತು ಶುರುವಾಗುತ್ತದೆ.

ಸಂಪಾದನೆ ಇಮ್ಮಡಿಯಾದರೆ ಯಾರೂ ಇಮ್ಮಡಿ ಅನ್ನ ಉಣ್ಣುವುದಿಲ್ಲ. ಪ್ರಯಾಣ ಹಾಗಲ್ಲ. ಕೈಯಲ್ಲಿ ನಾಲ್ಕು ಕಾಸು ಹೆಚ್ಚು ಓಡಾಡತೊಡಗಿದ ಕೂಡಲೆ ಅದು ಆದಾಯದ ಏರಿಕೆಯನ್ನೂ ಮೀರಿ ಏರುತ್ತದೆ. ತೀರಾ ಸಿರಿವಂತರಾದ ಮೇಲೆ ಆ ಓಟ ನಿಧಾನವಾಗುತ್ತದೆ. ಭಾರತದಂಥ ನಡುವಿನ ಮೆಟ್ಟಿಲಲ್ಲಿರುವ ದೇಶಗಳಲ್ಲಿ ವಿಮಾನ ಯಾನ ಇಷ್ಟು ಬೇಗ ಬೆಳೆಯುತ್ತಿರುವುದಕ್ಕೆ ಇದು ಒಂದು ಕಾರಣ. ಕರ್ನಾಟಕದಲ್ಲಿ ತಲಾ ಆದಾಯದ ಪಟ್ಟಿ ಮಾಡಿದಾಗ ಬೆಂಗಳೂರು ನಗರ ಜಿಲ್ಲೆಯ ನಂತರ ಬರುವ ಹೆಸರು ದಕ್ಷಿಣ ಕನ್ನಡ. ಆದರೆ ಈ ಸಂಪತ್ತು ಇಲ್ಲಿಯ ಗದ್ದೆಯಲ್ಲಿ ಬೆಳೆದದ್ದಲ್ಲ.

ಘಟ್ಟಕ್ಕೂ ಕಡಲಿಗೂ ನಡುವಿನ ಈ ಪಟ್ಟಿ ಅಗಲವಾಗಿಲ್ಲ. ಹೊಳೆ, ತೋಡು, ಮುರಕಲ್ಲಿನ ಗುಡ್ಡ, ಗುಡ್ಡದ ಬುಡದಲ್ಲಿ ಕೈಯಗಲದ ಗದ್ದೆ. ಕುಟುಂಬ ಬೆಳೆದಂತೆ ಪಾಲಿಗೆ ಬರುವ ಭೂಮಿ ಸಣ್ಣದಾಯಿತು. ಹೆಂಚಿನ ಕಾರ್ಖಾನೆ, ಬೀಡಿ, ಮೀನುಗಾರಿಕೆ ಎಲ್ಲರಿಗೂ ಅನ್ನ ಕೊಡಲಿಲ್ಲ. ಹುಡುಗರು ಮುಂಬೈಗೆ ಹೊರಟರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಗುಮಾಸ್ತರಾಗಿ, ಹೋಟೆಲು ಧಣಿಗಳಾಗಿ ಬೆಳೆದವರ ತಲೆಮಾರು ಅದು. ಊರಿನಲ್ಲಿ ಇದ್ದವರೂ ಹಣವನ್ನು ಬೆಳೆಸುವ ವಿದ್ಯೆ ಕಲಿತರು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕಟ್ಟಿದ ಕೆನರಾ ಬ್ಯಾಂಕ್ ಮತ್ತು ಉಡುಪಿಯಲ್ಲಿ ಹಾಜಿ ಅಬ್ದುಲ್ಲ ಅವರ ಮುಂದಾಳ್ತನದಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಎರಡೂ 1906ರವು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಸಣ್ಣ ನೆಲದಲ್ಲಿ ಐದು ದೊಡ್ಡ ಬ್ಯಾಂಕು. ಬ್ಯಾಂಕಿನ ಕೇಂದ್ರ ಕಚೇರಿ ಎಂದರೆ ತಿಂಗಳು ತಿಂಗಳು ಮುಂಬೈ, ದಿಲ್ಲಿಗೆ ಓಡಾಡುವ ಅಧಿಕಾರಿಗಳು. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು, 1960ರಲ್ಲಿ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಕಾಲೇಜು. ದೂರದ ರಾಜ್ಯಗಳ ತಂದೆತಾಯಿಯರೂ ಬಜಪೆಯಲ್ಲಿ ಇಳಿಯತೊಡಗಿದರು. ವಿಲೀನದ ಭರದಲ್ಲಿ ಆ ಐದು ಬ್ಯಾಂಕುಗಳಲ್ಲಿ ವಿಜಯಾ, ಕಾರ್ಪೊರೇಶನ್, ಸಿಂಡಿಕೇಟ್ ಹೆಸರುಗಳು 2019 ಮತ್ತು 2020ರ ನಡುವೆ ಅಳಿಸಿಹೋದವು. ಪಾಂಡೇಶ್ವರದಲ್ಲಿದ್ದ ಕಾರ್ಪೊರೇಶನ್ ಬ್ಯಾಂಕಿನ ಕೇಂದ್ರ ಕಚೇರಿ ಇಲ್ಲವಾದದ್ದು ಬರಿಯ ಅಭಿಮಾನದ ಪ್ರಶ್ನೆಯಲ್ಲ, ಈ ಊರಿನ ಓಡಾಟದ ಒಂದು ಎಳೆಯೇ ಕಡಿದಂತೆ ಎಂದು ನಾನು ನಂಬಿದ್ದೇನೆ.

ಆಮೇಲೆ 1970ರ ದಶಕ ಬಂತು, ಕೊಲ್ಲಿಯಲ್ಲಿ ತೈಲದ ಬೆಲೆ ಏರಿತು. ಮುಂಬೈಗೆ ಹೋಗಿ ಅಭ್ಯಾಸವಾಗಿದ್ದ ಕಾಲುಗಳಿಗೆ ಅದರಾಚೆಯ ಕಡಲು ದೊಡ್ಡದೆನಿಸಲಿಲ್ಲ. ಬ್ಯಾರಿಗಳು, ಕ್ರೈಸ್ತರು, ಬಂಟರು, ಬಿಲ್ಲವರು, ಮೊಗವೀರರು ಎಲ್ಲ ಕೇರಿಯಿಂದಲೂ ಹೋದರು. ಮೇಸ್ತ್ರಿ, ಡ್ರೈವರ್, ನರ್ಸ್, ಲೆಕ್ಕಿಗ, ಅಂಗಡಿಯ ಹುಡುಗ. ಆದರೆ ಮೂವತ್ತು ವರ್ಷ ಅವರು ಹೋದದ್ದು ಬಜಪೆಯಿಂದಲ್ಲ. ಬಸ್ಸು ಹಿಡಿದು ಮುಂಬೈಗೆ, ಅಲ್ಲಿ ನೆಂಟರ ಕೋಣೆಯಲ್ಲಿ ಒಂದು ರಾತ್ರಿ, ಮರುದಿನ ಸಹಾರ್ ನಿಲ್ದಾಣ. ಆಮೇಲಾಮೇಲೆ ಕೆಲವರು ಕೋಝಿಕ್ಕೋಡಿನಿಂದ. ಈ ಎಲ್ಲ ವರ್ಷಗಳ ಅಂಕಿಅಂಶ ತೆಗೆದರೆ ಮಂಗಳೂರಿನಿಂದ ಗಲ್ಫಿಗೆ ಹಾರಿದವರ ಸಂಖ್ಯೆ ಸೊನ್ನೆ. ಅಂಕಿಅಂಶ ಎಣಿಸುವುದು ಗೇಟು ದಾಟಿದವನನ್ನು ಮಾತ್ರ. ಗೇಟೇ ಇಲ್ಲದ ಊರಿನ ಬೇಡಿಕೆ ಇನ್ನೊಂದು ಊರಿನ ಲೆಕ್ಕಕ್ಕೆ ಸೇರುತ್ತದೆ. ಸಣ್ಣ ನಗರಗಳಿಗೆ ವಿಮಾನ ಕೊಡಿ ಎಂದಾಗ ಪ್ರಯಾಣಿಕರೇ ಇಲ್ಲವಲ್ಲ ಎಂದು ಉತ್ತರಿಸುವವರು ಈ ಮೂವತ್ತು ವರ್ಷವನ್ನು ನೆನಪಿಡಬೇಕು.

ಗೇಟು ತೆರೆಯದೇ ಇದ್ದದ್ದಕ್ಕೂ ಕಾರಣ ನೆಲವೇ. ಬಜಪೆಯ ನಿಲ್ದಾಣ ಗುಡ್ಡದ ಮೇಲೆ ಯಾಕೆ ಬಂತು ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಕೆಳಗೆ ಜಾಗ ಎಲ್ಲಿದೆ? ತಗ್ಗಿನಲ್ಲಿ ಫಲ್ಗುಣಿ, ನೇತ್ರಾವತಿ, ಅವುಗಳ ನೆರೆ, ಅವುಗಳ ಗದ್ದೆ. ಇಲ್ಲಿ ಸಪಾಟು ಎಂದರೆ ಮುರಕಲ್ಲಿನ ಗುಡ್ಡದ ತಲೆ. ಆ ತಲೆಯ ಮೇಲೆ ಹಳೆಯ ರನ್‌ವೇಗೆ ಸಿಕ್ಕ ಉದ್ದ 1,615 ಮೀಟರ್, ಎರಡೂ ತುದಿಗೆ ಕಣಿವೆ. 1981ರ ಆಗಸ್ಟಿನಲ್ಲಿ ಆವ್ರೊ ವಿಮಾನವೊಂದು ಈ ರನ್‌ವೇ ದಾಟಿ ಹೋಗಿ ನಿಂತಿತ್ತು, ಜೀವಹಾನಿಯಾಗಲಿಲ್ಲ. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಳಕೆಗೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ಹಾರಾಟ ಆರಂಭಿಸಿತು. ಮೂವತ್ತು ವರ್ಷ ಕಾದಿದ್ದ ಬೇಡಿಕೆಗೆ 835 ಮೀಟರ್ ಕಾಂಕ್ರೀಟು ಕಡಿಮೆ ಬಿದ್ದಿತ್ತು, ಅಷ್ಟೆ.

ಇಲ್ಲಿ ನಿಂತು ಐರ್ಲೆಂಡಿನ ಒಂದು ಕತೆ ಹೇಳಲೇಬೇಕು. ಯುರೋಪಿನಲ್ಲಿ ತುಳುನಾಡಿಗೆ ಅಣ್ಣತಮ್ಮನ ಹಾಗಿರುವ ಊರೊಂದಿದ್ದರೆ ಅದು ಆ ದೇಶದ ಪಶ್ಚಿಮದ ಮೇಯೊ ಸೀಮೆ. 1841ರಲ್ಲಿ ಅಲ್ಲಿ 3.88 ಲಕ್ಷ ಜನರಿದ್ದರು. ಆಲೂಗಡ್ಡೆಗೆ ರೋಗ ಬಂದು ಬರಗಾಲ ಬಿದ್ದ ಮೇಲೆ ಸತ್ತವರು ಸತ್ತರು, ಉಳಿದವರು ಇಂಗ್ಲೆಂಡ್, ಅಮೆರಿಕಗಳಿಗೆ ಹೋದರು. ಇಂದು ಅಲ್ಲಿರುವುದು 1.4 ಲಕ್ಷದೊಳಗಿನ ಜನ. ಅಲ್ಲಿಯ ನಾಕ್ ಎಂಬ ಊರಿಗೆ 1879ರಲ್ಲಿ ಮೇರಿ ಮಾತೆ ಕಾಣಿಸಿಕೊಂಡಳೆಂಬ ನಂಬಿಕೆಯಿಂದ ಯಾತ್ರಿಕರು ಬರುತ್ತಾರೆ. ಅಲ್ಲಿಯ ಚರ್ಚಿನ ಧರ್ಮಗುರು ಜೇಮ್ಸ್ ಹೊರಾನ್ ಅವರಿಗೆ ಇಲ್ಲೊಂದು ವಿಮಾನ ನಿಲ್ದಾಣ ಆಗಲೇಬೇಕು ಎಂದು ಹಟ. ಆಯ್ದ ಜಾಗ ಮಂಜು ಕವಿಯುವ ಒಂದು ಜೌಗು ಗುಡ್ಡದ ನೆತ್ತಿ. ತಜ್ಞರು ಹುಬ್ಬೇರಿಸಿದರು, ಸರಕಾರ ಅರ್ಧದಲ್ಲಿ ಹಣ ನಿಲ್ಲಿಸಿತು. ಹೊರಾನ್ ಲಾಟರಿ ನಡೆಸಿ, ಪರವೂರಿನ ಐರಿಷರಿಂದ ದೇಣಿಗೆ ಎತ್ತಿ ಕೆಲಸ ಮುಗಿಸಿದರು. 1986ರ ಮೇ ತಿಂಗಳಲ್ಲಿ ನಿಲ್ದಾಣ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಮೂರು ತಿಂಗಳೊಳಗೆ ಲೂರ್ದ್‌ಗೆ ಯಾತ್ರೆ ಹೋಗಿದ್ದ ಅವರು ಅಲ್ಲೇ ತೀರಿಕೊಂಡರು. ಅವರ ದೇಹ ಊರಿಗೆ ಬಂದದ್ದು ಅವರೇ ಕಟ್ಟಿಸಿದ ರನ್‌ವೇ ಮೇಲೆ.

ಆ ನಿಲ್ದಾಣವನ್ನು ಈಗ ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಬಳಸುತ್ತಾರೆ. ಸೀಮೆಯ ಜನಸಂಖ್ಯೆಯ ಐದಾರು ಪಟ್ಟು! ಬರುವವರಲ್ಲಿ ಬಹಳ ಮಂದಿ ಇಂಗ್ಲೆಂಡಿಗೆ ಹೋಗಿ ನೆಲೆಸಿದವರು, ಅವರ ಮಕ್ಕಳು, ಮೊಮ್ಮಕ್ಕಳು. ಅದೇ 1986ರಲ್ಲಿ ರಯಾನ್‌ಏರ್ ಎಂಬ ಸಣ್ಣ ಕಂಪನಿ ಡಬ್ಲಿನ್‌ನಿಂದ ಲಂಡನ್ ಬಳಿಯ ಲೂಟನ್‌ಗೆ ಹಳೆಯ ದರದ ಅರ್ಧದಷ್ಟಕ್ಕೇ ಹಾರಾಟ ಶುರುಮಾಡಿತ್ತು. ಹಡಗು, ರೈಲು ಬದಲಿಸುತ್ತ ಊರಿಗೆ ಬರುತ್ತಿದ್ದ ಕೂಲಿ ಕೆಲಸದವರು ವಿಮಾನ ಹತ್ತಿದರು. ಐರ್ಲೆಂಡ್ ಸಿರಿವಂತವಾದದ್ದು ಆಮೇಲೆ. ಹಾರುವುದಕ್ಕೆ ಸಿರಿತನ ಮೊದಲು ಬರಬೇಕೆಂದಿಲ್ಲ. ದುಡಿಯುವುದಕ್ಕೆ ಊರು ಬಿಟ್ಟವರು ಹಬ್ಬಕ್ಕೆ ಊರಿಗೆ ಬರಬೇಕು ಎಂದುಕೊಂಡರೂ ಸಾಕು. 2004ರಲ್ಲಿ ಪೋಲೆಂಡ್, 2007ರಲ್ಲಿ ರೊಮೇನಿಯ ಯುರೋಪಿಯನ್ ಒಕ್ಕೂಟ ಸೇರಿದಾಗಲೂ ಇದೇ ಆಯಿತು. ಬಡ ಊರುಗಳಿಂದ ಇಂಗ್ಲೆಂಡ್, ಇಟಲಿ, ಸ್ಪೇನ್‌ಗಳಿಗೆ ನೇರ ವಿಮಾನಗಳು ಹುಟ್ಟಿಕೊಂಡವು. ಅವುಗಳಲ್ಲಿ ಕೂತವರು ಪ್ರವಾಸಿಗಳಾಗಿರಲಿಲ್ಲ, ಕಟ್ಟಡ ಕೆಲಸದವರು, ದಾದಿಯರು, ಹಣ್ಣು ಕೀಳುವವರು.

ಈಗ ಸ್ವಲ್ಪ ಲೆಕ್ಕ. ಬಜಪೆಯನ್ನು ಈಗ ವರ್ಷಕ್ಕೆ 20 ಲಕ್ಷಕ್ಕಿಂತ ಹೆಚ್ಚು ಪ್ರಯಾಣಿಕರು ಬಳಸುತ್ತಾರೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಮೂರೂ ಸೇರಿ ಸುಮಾರು 46 ಲಕ್ಷ ಜನ. ತಲೆಗೆ ಅರ್ಧ ಬಾರಿಯಷ್ಟು ಬಂತು. ಇಡೀ ಭಾರತದ ನಿಲ್ದಾಣಗಳಲ್ಲಿ 2023–24ರಲ್ಲಿ ಎಣಿಸಿದ್ದು ಸುಮಾರು 37.6 ಕೋಟಿ, 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಕಾಲು ಬಾರಿ. ಕರಾವಳಿಯವರು ದೇಶದ ಸರಾಸರಿಯ ಇಮ್ಮಡಿ ಹಾರುತ್ತಾರೆ ಎನ್ನಬಹುದು. ಕೊಡಗಿನವರು ಇತ್ತ ಬರುವುದು, ಕಾಸರಗೋಡಿನ ಒಂದಿಷ್ಟು ಮಂದಿ ಕಣ್ಣೂರಿನತ್ತ ಹೋಗುವುದು ಎಲ್ಲ ಸೇರಿ ಲೆಕ್ಕ ಆಚೀಚೆ ಆದೀತು, ಆದರೂ ಚಿತ್ರ ಬದಲಾಗದು. ಇನ್ನು ನಾರ್ವೆ: ಜನ 55 ಲಕ್ಷ, ನಮ್ಮ ಮೂರು ಜಿಲ್ಲೆಗಳಿಗಿಂತ ತುಸು ಹೆಚ್ಚು, ನಿಲ್ದಾಣಗಳಲ್ಲಿ ಪ್ರಯಾಣಿಕರು ವರ್ಷಕ್ಕೆ ಸುಮಾರು ಐದು ಕೋಟಿ. ತಲೆಗೆ ಒಂಬತ್ತು! ಬೆಟ್ಟ ಅವರಿಗೂ ಇದೆ, ನಮಗೂ ಇದೆ; ಕಡಲು ಅವರಿಗೂ ಇದೆ, ನಮಗೂ ಇದೆ. ಆದರೆ ಅವರ ತಲಾ ಆದಾಯ ಭಾರತದ ಮೂವತ್ತು ಪಟ್ಟಿಗೂ ಮಿಕ್ಕಿದ್ದು. ಘಟ್ಟ ದಾಟಬೇಕೆಂಬ ಆಸೆಯನ್ನು ಹುಟ್ಟಿಸುವುದು ಘಟ್ಟ. ಅದನ್ನು ಟಿಕೆಟ್ ಮಾಡಿಕೊಡುವುದು ಹಣ. ಇಲ್ಲಿ ಶಿರಾಡಿಯ ರಾತ್ರಿ ಬಸ್ಸುಗಳು ಇಂದಿಗೂ ತುಂಬಿ ಹೋಗುವುದು ಅದಕ್ಕೇ.

ಹಣವಿದ್ದು ಘಟ್ಟವಿಲ್ಲದ ಊರು ಬೇಕೆಂದರೆ ಮೈಸೂರನ್ನು ನೋಡಬೇಕು. ಅರಮನೆ, ವಿಶ್ವವಿದ್ಯಾಲಯ, ಕಾರ್ಖಾನೆ, ಸಾಫ್ಟ್‌ವೇರ್ ಕಂಪನಿಗಳು, ವರ್ಷವಿಡೀ ಪ್ರವಾಸಿಗರು. ಆದರೂ ಮಂಡಕಳ್ಳಿಯ ನಿಲ್ದಾಣದ ಪ್ರಯಾಣಿಕರು ಬಜಪೆಯ ಹತ್ತನೇ ಒಂದು ಪಾಲಿನಷ್ಟೂ ಇಲ್ಲ. ಬೆಂಗಳೂರು 145 ಕಿ.ಮೀ. ದೂರ, ಒಳ್ಳೆಯ ರೈಲು, 2023ರಲ್ಲಿ ತೆರೆದ ಹೆದ್ದಾರಿ. ಯಾಕೆ ಹಾರಬೇಕು? ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ ಆರಂಭವಾದ ನಿಲ್ದಾಣಕ್ಕೆ 3,200 ಮೀಟರಿನ ರನ್‌ವೇ ಇದೆ, ನಮಗಿಂತ ಬಹಳ ಉದ್ದ. ನೆಲ ಧಾರಾಳವಾಗಿ ಜಾಗ ಕೊಟ್ಟಲ್ಲಿ ಪ್ರಯಾಣಿಕರು ಕಡಿಮೆ. ಪ್ರಯಾಣಿಕರು ತುಂಬಿರುವಲ್ಲಿ ನೆಲ ಜಿಪುಣತನ ಮಾಡಿದೆ.

ಕಾಸರಗೋಡಿನ ವಿಷಯ ಬೇರೆಯಾಗಿಯೇ ಹೇಳಬೇಕು. 1956ರಲ್ಲಿ ರಾಜ್ಯದ ಗಡಿ ತಲಪಾಡಿಯಲ್ಲಿ ಬಿತ್ತು. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಆಸ್ಪತ್ರೆ, ಕಾಲೇಜು, ವಿಮಾನ ಎಲ್ಲ ಮಂಗಳೂರೇ. ಸ್ಲೊವಾಕಿಯದ ರಾಜಧಾನಿ ಬ್ರಾಟಿಸ್ಲಾವದವರು ಹೀಗೆಯೇ ಗಡಿಯಾಚೆ ಸುಮಾರು 60 ಕಿ.ಮೀ. ದೂರದ ವಿಯೆನ್ನಾಕ್ಕೆ ಹೋಗಿ ವಿಮಾನ ಹತ್ತುತ್ತಾರೆ. ದೇಶವಾರು ಪಟ್ಟಿಯಲ್ಲಿ ಸ್ಲೊವಾಕಿಯ ಅದಕ್ಕೇ ಹಿಂದೆ ಬಿದ್ದಂತೆ ಕಾಣುವುದು. ಅವರ ಪ್ರಯಾಣಗಳು ಆಸ್ಟ್ರಿಯದ ಖಾತೆಗೆ ಜಮೆಯಾಗುತ್ತವೆ. 2018ರ ಡಿಸೆಂಬರಿನಲ್ಲಿ ಕಣ್ಣೂರಿನಲ್ಲಿ 3,050 ಮೀಟರ್ ರನ್‌ವೇಯ ನಿಲ್ದಾಣ ತೆರೆದಾಗ ಕಾಸರಗೋಡಿನ ದಕ್ಷಿಣ ಭಾಗದವರು ಅತ್ತ ತಿರುಗಿದರು. ಉತ್ತರದವರು ಈಗಲೂ ಇತ್ತಲೇ ಬರುತ್ತಾರೆ.

ಎಷ್ಟು ಹತ್ತಿರದವರು ನಾವು ಎಂಬುದು 2010ರ ಮೇ 22ರ ಬೆಳಗ್ಗೆ ಎಲ್ಲರಿಗೂ ತಿಳಿಯಿತು. ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದ ಅಂಚು ದಾಟಿ ಬಿದ್ದಿತು. 166 ಮಂದಿಯಲ್ಲಿ ಉಳಿದವರು ಎಂಟು. ಮಡಿದ 158 ಮಂದಿಯ ಮನೆಗಳು ತಲಪಾಡಿಯ ಎರಡೂ ಕಡೆ ಇದ್ದವು. ಮದುವೆಗೆ, ಮಗುವಿನ ನಾಮಕರಣಕ್ಕೆ, ತಾಯಿಯ ಕೊನೆಯ ದರ್ಶನಕ್ಕೆಂದು ಊರಿಗೆ ಬರುವ ದಾರಿ ಅದು. ಫಲ್ಗುಣಿಯ ದಡದಲ್ಲಿ ಅವರ ಸ್ಮಾರಕವಿದೆ. ಆ ದಾರಿಯಲ್ಲಿ ಹೋಗುವಾಗ ನನಗೆ ಈಗಲೂ ಮಾತು ನಿಲ್ಲುತ್ತದೆ. ರನ್‌ವೇ ಉದ್ದವಾಗಬೇಕು, ತುದಿಯ ಸುರಕ್ಷಾ ಜಾಗ ಹಿಗ್ಗಬೇಕು ಎಂಬ ಬೇಡಿಕೆಯನ್ನು ವ್ಯಾಪಾರದ ಲಾಭನಷ್ಟದಲ್ಲಿ ಮಾತ್ರ ಅಳೆಯುವುದು ನನ್ನಿಂದ ಆಗದು.

ನೆಲ, ಹಣ ಎರಡೂ ಕೂಡಿದರೂ ಮೂರನೆಯ ಒಂದು ಬೇಲಿ ಉಳಿದಿದೆ. ಯುರೋಪಿಯನ್ ಒಕ್ಕೂಟದೊಳಗೆ 1997ರಿಂದ ಅಲ್ಲಿಯ ಯಾವ ಕಂಪನಿಯೂ ಯಾವ ಊರಿನಿಂದ ಯಾವ ಊರಿಗೂ ಹಾರಬಹುದು. ಆದ್ದರಿಂದಲೇ ಹೆಸರು ಕೇಳರಿಯದ ಊರುಗಳಿಗೂ ವಿಮಾನ ಬಂತು. ಭಾರತಕ್ಕೆ ವಿದೇಶಿ ಕಂಪನಿಗಳು ಬರಬೇಕೆಂದರೆ ದೇಶದೇಶಗಳ ನಡುವಿನ ಒಪ್ಪಂದದಲ್ಲಿ ಆ ಊರಿನ ಹೆಸರು ‘ಪಾಯಿಂಟ್ ಆಫ್ ಕಾಲ್’ ಎಂದು ಇರಬೇಕು. ಮಂಗಳೂರಿನ ಹೆಸರು ಅಲ್ಲಿಲ್ಲ. ಕಣ್ಣೂರಿನವರ ಅಳಲೂ ಅದೇ. ಹಾಗಾಗಿ ಇಲ್ಲಿಂದ ಗಲ್ಫಿಗೆ ಹಾರುವುದು ನಮ್ಮ ದೇಶದ ಒಂದೆರಡು ಕಂಪನಿಗಳು ಮಾತ್ರ. ಈದ್, ಕ್ರಿಸ್ಮಸ್, ಮಕ್ಕಳ ಬೇಸಗೆ ರಜೆ, ಊರಿನ ನೇಮ, ಬ್ರಹ್ಮಕಲಶ, ಸೆಪ್ಟೆಂಬರಿನ ಮೊಂತಿ ಹಬ್ಬ ಬಂದಾಗ ಆಸನ ಕೆಲವೇ, ಬರಬೇಕಾದವರು ಸಾವಿರಾರು. ದರ ಏರುತ್ತದೆ. ಏರಿದ ದರ ಯಾರಿಗೆ ನಾಟುತ್ತದೆ? ಕಂಪನಿಯ ಖರ್ಚಿನಲ್ಲಿ ಬರುವ ಮ್ಯಾನೇಜರಿಗಲ್ಲ. ಎರಡು ವರ್ಷಕ್ಕೊಮ್ಮೆ ರಜೆ ಸಿಗುವ, ತಾರೀಕು ಬದಲಿಸಲಾಗದ, ಸಂಬಳದ ದೊಡ್ಡ ಪಾಲನ್ನು ಊರಿಗೆ ಕಳಿಸುವ ಹುಡುಗನಿಗೆ. ಈ ನಿಲ್ದಾಣವನ್ನು ಬೆಳೆಸಿದವರಲ್ಲಿ ಅವನೇ ಮುಖ್ಯ, ಅತಿ ಹೆಚ್ಚು ತೆರುವವನೂ ಅವನೇ. ಈ ಅನ್ಯಾಯ ಸರಿಯಾಗಲೇಬೇಕು.

ಬೆಂಗಳೂರಿಗೆ ವೇಗದ ರೈಲು ಬಂದರೆ ಬಜಪೆ ಬರಿದಾಗುತ್ತದೆ ಎಂದು ಹೆದರುವವರನ್ನೂ ಕಂಡಿದ್ದೇನೆ. ಸ್ಪೇನಿನಲ್ಲಿ ಮ್ಯಾಡ್ರಿಡ್–ಬಾರ್ಸಿಲೋನ ನಡುವೆ 1974ರಿಂದ ಬಸ್ಸಿನ ಹಾಗೆ ವಿಮಾನಗಳು ಓಡುತ್ತಿದ್ದವು. 2008ರಲ್ಲಿ ವೇಗದ ರೈಲು ಬಂದ ಮೇಲೆ ಆ ಜನರಲ್ಲಿ ಬಹಳ ಮಂದಿ ರೈಲಿಗೆ ಹೋದರು. ಆದರೆ ಆ ಎರಡೂ ನಗರಗಳ ನಿಲ್ದಾಣಗಳು ಸೊರಗಲಿಲ್ಲ, ದೂರದ ಊರುಗಳಿಗೆ ಇನ್ನಷ್ಟು ಹಾರಿದವು. ನಮಗೂ ಘಟ್ಟ ಹತ್ತಲು ಒಳ್ಳೆಯ ರೈಲು, ಮಳೆಗೆ ಜರಿಯದ ರಸ್ತೆ ಬರಲಿ. ವಿಮಾನವೇ ಬೇಕಾದ ದಾರಿ ನಮಗೆ ಕಡಲ ಕಡೆಗೆ ಬೇಕಾದಷ್ಟಿದೆ.

ಬಜಪೆ ನಿಲ್ದಾಣದ ಕೆಂಜಾರಿನ ಟರ್ಮಿನಲ್ಲಿನ ಹೊರಗೆ ಸಂಜೆಯ ಹೊತ್ತು ನಿಂತರೆ ಈ ಯಾವ ಅಂಕಿಯೂ ಬೇಕಾಗುವುದಿಲ್ಲ. ಪುತ್ತೂರಿನಿಂದ, ವಿಟ್ಲದಿಂದ, ಕಾರ್ಕಳದಿಂದ, ಉಪ್ಪಳದಿಂದ ಜೀಪು, ಓಮ್ನಿಗಳಲ್ಲಿ ಒಬ್ಬನನ್ನು ಕಳಿಸಲು ಏಳೆಂಟು ಮಂದಿ ಬಂದಿರುತ್ತಾರೆ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಕೋರಿರೊಟ್ಟಿ, ಮಿಡಿ ಉಪ್ಪಿನಕಾಯಿ. ಮನೆಯಲ್ಲಿ ತೂಗಿದ ತಕ್ಕಡಿಗೂ ಇಲ್ಲಿಯ ತಕ್ಕಡಿಗೂ ಎರಡು ಕಿಲೋ ವ್ಯತ್ಯಾಸ ಬರುತ್ತದೆ. ಹುಡುಗ ಹೊರಗೆ ಓಡಿ ಬಂದು ಅಕ್ಕಿಯ ಗಂಟನ್ನು ತಾಯಿಯ ಕೈಗೆ ಕೊಡುತ್ತಾನೆ. ಅವಳು ಉಪ್ಪಿನಕಾಯಿಯ ಭರಣಿ ಒಳಗೇ ಇದೆಯಲ್ಲ ಎಂದು ಎರಡು ಸಲ ಕೇಳಿ, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು, ಗುಡ್ಡ ಇಳಿಯುವ ಜೀಪಿನತ್ತ ನಡೆಯುತ್ತಾಳೆ.